ಎಳೆದು ನೋಡದ ಬೆಲ್ಟು

ಅತ್ತೆ ಸೊಸೆಯನ್ನು ಹೊಗಳಲು ಶುರು ಮಾಡಿದರೆ ಕೇಳುವವರು ಒಂದು ‘ಆದರೆ’ಗಾಗಿ ಕಾಯುತ್ತಾರೆ. ನನ್ನ ಹತ್ತಿರ ಆ ‘ಆದರೆ’ ಇಲ್ಲ, ಕಾಯಬೇಡಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಳ್ಳೆಯ ಮಾತನ್ನು ಮಾತ್ರ ಹುಡುಕಿ ತರಬೇಕು ಎಂದು ನಮ್ಮ ಕಾರ್ಖಾನೆಯ ಹೆಂಗಸರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಮುಖದೆದುರು ಆಡಲು ಅವರಿಗೆ ಧೈರ್ಯವಿಲ್ಲ. ಅಂಥ ನಾನು ಹೇಳುತ್ತಿದ್ದೇನೆ: ನನ್ನ ಸೊಸೆಯಷ್ಟು ಹೆದರುವ ಹೆಣ್ಣನ್ನು ನಾನು ನೋಡಿಲ್ಲ, ಅವಳಷ್ಟು ಗಟ್ಟಿಗಿತ್ತಿಯನ್ನೂ ನೋಡಿಲ್ಲ.

ನಮ್ಮದು ಸುರಕ್ಷತಾ ಬೆಲ್ಟು ಹೊಲಿಯುವ ಕಾರ್ಖಾನೆ. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರು, ಗಾಜು ಒರೆಸುವವರು ತೊಡೆಗೂ ಸೊಂಟಕ್ಕೂ ಹೆಗಲಿಗೂ ಬಿಗಿದುಕೊಂಡು ಹಗ್ಗಕ್ಕೆ ನೇತುಬೀಳುತ್ತಾರಲ್ಲ, ಆ ಬೆಲ್ಟು. ಮೂರು ಬೆರಳು ಅಗಲದ ದಪ್ಪ ಪಟ್ಟಿಯನ್ನು ಕಬ್ಬಿಣದ ಕೊಂಡಿಗೆ ಪೋಣಿಸಿ ಮಡಚುತ್ತೇವೆ. ಮಡಿಕೆಯ ಮೇಲೆ ಯಂತ್ರದಿಂದ ಒಂದು ಚೌಕ, ಚೌಕದೊಳಗೆ ಒಂದು ಇಂಟು ಗುರುತು. ಅಷ್ಟೇ ಹೊಲಿಗೆ. ಆ ಅಂಗೈಯಗಲದ ಹೊಲಿಗೆಯ ಮೇಲೆ ಒಬ್ಬ ಮನುಷ್ಯನ ಪ್ರಾಣ ತೂಗುತ್ತದೆ. ಹೊಲಿಗೆ ಕೋಣೆಯ ಮೇಲ್ವಿಚಾರಕಿ ನಾನು. ನನ್ನ ಸೊಸೆ ಕಿಟಕಿ ಪಕ್ಕದ ಯಂತ್ರದಲ್ಲಿ ಹೊಲಿಯುತ್ತಾಳೆ. ನನ್ನ ಮಗ ಕಟ್ಟಡಗಳ ಹೊರಗಿನ ಗಾಜು ಒರೆಸುತ್ತಾನೆ, ನಮ್ಮ ಬೆಲ್ಟನ್ನೇ ಕಟ್ಟಿಕೊಂಡು.

ಅವರ ಮದುವೆಯಾದದ್ದೂ ಈ ಬೆಲ್ಟಿನಿಂದಲೇ. ಬೆಲ್ಟು ಬಿಗಿಯಾಯಿತು ಎಂದು ಒಂದು ಸಲ, ಸಡಿಲವಾಯಿತು ಎಂದು ಇನ್ನೊಂದು ಸಲ, ಮಗರಾಯ ಮೇಲಿಂದ ಮೇಲೆ ಕಾರ್ಖಾನೆಗೆ ಬರತೊಡಗಿದ. ಅಮ್ಮನನ್ನು ನೋಡಲು ಬರುತ್ತಾನೆ ಎಂದು ನಾನು ಉಬ್ಬಿಹೋಗಿದ್ದೆ. ಆಮೇಲೆ ನೋಡಿದರೆ ಅವನ ಕಣ್ಣು ಕಿಟಕಿ ಕಡೆಗೆ.

ಮದುವೆಯಾದ ಹೊಸದರಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಒಂದು ದಿನ ಮಗನ ಜೊತೆ ಕೆಲಸ ಮಾಡುವ ಒಬ್ಬಾತ ಏಣಿಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅವನು ಬಿದ್ದದ್ದು ಹಗ್ಗದಿಂದಲ್ಲ, ಬೆಲ್ಟಿನಿಂದಂತೂ ಅಲ್ಲವೇ ಅಲ್ಲ. ನೆಲದಿಂದ ಆಳೆತ್ತರದಲ್ಲಿದ್ದ, ಅಷ್ಟೇ. ಆದರೆ ಅಂದು ಆಸ್ಪತ್ರೆಯಲ್ಲಿ ಅವನ ಹೆಂಡತಿಯ ಪಕ್ಕ ಕೂತು ಬಂದ ಮೇಲೆ ನನ್ನ ಸೊಸೆ ಮೊದಲಿನ ಹಾಗಿರಲಿಲ್ಲ. ಗಂಡ ಬೂಟಿನ ಲೇಸು ಕಟ್ಟಲು ಕೂತನೆಂದರೆ ಇವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮೇಲೆ ಹೋಗುವಾಗ ಅವನು ಫೋನನ್ನು ಕೆಳಗೆ ಚೀಲದಲ್ಲಿ ಬಿಟ್ಟು ಹೋಗುತ್ತಾನೆಂದು ಗೊತ್ತಿದ್ದರೂ ಊಟದ ಹೊತ್ತಿಗೆ ಮುಂಚೆಯೇ ಫೋನು ಮಾಡುವುದು, ಅವನು ಎತ್ತದಿದ್ದರೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಉಸಿರಿಗಾಗಿ ಒದ್ದಾಡುವುದು. ಹೊರಗೆ ಬರುವಾಗ ಮುಖ ತೊಳೆದುಕೊಂಡು ನಗುತ್ತಾ ಬರುತ್ತಿದ್ದಳು. ಆ ನಗು ನನ್ನಿಂದ ನೋಡಲಾಗುತ್ತಿರಲಿಲ್ಲ.

ನಾನು ಪ್ರಾರ್ಥನೆಯವಳು. ಪ್ರತಿ ಭಾನುವಾರ ಚರ್ಚಿನ ಸಭೆಯ ಮುಂದಿನ ಸಾಲಿನಲ್ಲಿ ಕೂರುವವಳು. ನನಗೆ ಗೊತ್ತಿದ್ದ ಔಷಧಿಯನ್ನೇ ಕೊಟ್ಟೆ.

“ದೇವರಿಗೆ ಒಪ್ಪಿಸಿಬಿಡು ಮಗಳೇ. ಒಪ್ಪಿಸಿ ನೆಮ್ಮದಿಯಾಗಿರು.”

“ದಿನಾ ಒಪ್ಪಿಸ್ತೀನಿ ಅತ್ತೆ,” ಎಂದಳು. “ಬಸ್ ಸ್ಟಾಪ್ ತಲುಪೋದ್ರೊಳಗೆ ವಾಪಸ್ ತಗೊಂಡಿರ್ತೀನಿ.”

ಉತ್ತರ ಹೊಳೆಯದಿದ್ದಾಗ ಗದರುವುದು ನನ್ನ ರೂಢಿ, ಗದರಿದೆ.

ಹೊಲಿಗೆ ಕೋಣೆಯ ಹಿಂದೆ ಎಳೆಯುವ ಕೋಣೆಯಿದೆ. ಅಲ್ಲಿಯ ಪರೀಕ್ಷಕನನ್ನು ಎಲ್ಲರೂ ಜಗ್ಗಣ್ಣ ಎನ್ನುತ್ತಾರೆ, ಬೆಳಗಿನಿಂದ ಸಂಜೆವರೆಗೆ ಅವನದು ಜಗ್ಗುವುದೇ ಕೆಲಸ. ಪ್ರತಿಯೊಬ್ಬರು ಹೊಲಿದ ಬೆಲ್ಟುಗಳಲ್ಲಿ ಕೆಲವನ್ನು ಅವನೇ ಆರಿಸುತ್ತಾನೆ. ಹೊಲಿದವರು ಇದನ್ನು ತಗೋ, ಅದನ್ನು ಬಿಡು ಎನ್ನುವಂತಿಲ್ಲ. ಆರಿಸಿದ್ದನ್ನು ಯಂತ್ರಕ್ಕೆ ಕಚ್ಚಿಸಿ ಹರಿಯುವವರೆಗೂ ಎಳೆಯುತ್ತಾನೆ. ಗೋಡೆಯ ಮೇಲಿನ ಮುಳ್ಳು ಕೆಂಪು ಗೆರೆ ದಾಟಿದ ಮೇಲೆ ಹರಿದರೆ ಆ ಕೈಯ ಉಳಿದ ಬೆಲ್ಟುಗಳು ಹೊರಗೆ ಹೋಗುತ್ತವೆ. ಗೆರೆಗೆ ಮುಂಚೆ ಹರಿದರೆ ಎಲ್ಲವನ್ನೂ ಕತ್ತರಿಸಿ ಹಾಕಬೇಕು.

ಒಂದು ದಿನ ಬೆಳಗ್ಗೆ ಜಗ್ಗಣ್ಣ ಬಾಗಿಲಲ್ಲಿ ನಿಂತು ನನ್ನನ್ನು ಕೈಸನ್ನೆ ಮಾಡಿ ಕರೆದ. ಮೇಜಿನ ಮೇಲೆ ಹರಿದ ಬೆಲ್ಟುಗಳ ಗುಡ್ಡೆ. ಎಲ್ಲವೂ ಹೊಲಿಗೆಯ ಅಂಚಿನಲ್ಲೇ ಹರಿದಿದ್ದವು, ಒಂದಾದರೂ ಗೆರೆ ಮುಟ್ಟಿರಲಿಲ್ಲ. ಒಳಬದಿಯಲ್ಲಿ ಹೊಲಿದವರ ನಂಬರು ಇರುತ್ತದೆ, ನೋಡಿದೆ. ನನ್ನ ಸೊಸೆಯದು.

“ಕಳ್ಳ ಹೊಲಿಗೆ ಅಲ್ಲ ಅಕ್ಕ,” ಎಂದ ಜಗ್ಗಣ್ಣ, ನನ್ನ ಮುಖ ನೋಡಿ. “ಹೊಲಿಗೆ ಕಮ್ಮಿ ಆಗಿಲ್ಲ, ಜಾಸ್ತಿ ಆಗಿದೆ. ಚೌಕದ ಮೇಲೆ ಚೌಕ ಹೊಡೆದಿದ್ದಾಳೆ.”

ಅವಳನ್ನು ಕರೆಸಿದೆ. ಗುಡ್ಡೆ ನೋಡಿದವಳೇ ನಿಂತುಬಿಟ್ಟಳು.

“ಇದೇನು ಇದು?” ಎಂದೆ.

“ಗಟ್ಟಿ ಇರ್ಲಿ ಅಂತ ಅತ್ತೆ. ಯಾರೋ ಎಲ್ಲೋ ನೇತಾಡ್ತಿರ್ತಾರೆ ಅನ್ಸುತ್ತೆ. ಮುಗಿಸಿ ದಾರ ಕತ್ತರಿಸಬೇಕು ಅನ್ನೋಷ್ಟರಲ್ಲಿ ಸಾಲದೇನೋ ಅನ್ಸುತ್ತೆ. ಇನ್ನೊಂದು ಸಾಲು ಹೊಡೀತೀನಿ.”

ಜಗ್ಗಣ್ಣ ಹರಿದ ತುದಿಯನ್ನು ಬೆಳಕಿಗೆ ಹಿಡಿದ. ಸೂಜಿ ಹೋದ ಕಡೆಯೆಲ್ಲ ಬೆಳಕು ಚುಕ್ಕೆಚುಕ್ಕೆಯಾಗಿ ಕಾಣುತ್ತಿತ್ತು. “ಸೂಜಿ ಬಿದ್ದ ಹಾಗೆಲ್ಲ ಪಟ್ಟಿಯ ಎಳೆ ಕಡೀತದಮ್ಮ. ಟಿಕೆಟ್ ಹರಿಯೋಕೆ ಸುಲಭ ಆಗ್ಲಿ ಅಂತ ಸಾಲಾಗಿ ತೂತು ಹೊಡೆದಿರ್ತಾರಲ್ಲ, ಹಾಗೆ. ಒಂದು ಚೌಕ ಹಿಡಿದುಕೊಳ್ಳುತ್ತೆ. ಮೇಲೊಂದು ಹೊಡೆದ್ರೆ ಬಿಟ್ಟುಕೊಡುತ್ತೆ.”

ಹೊಲಿಗೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುವ ಪಾಠವೂ ಹೌದು, ಅವಳಿಗೂ ಹೇಳಿಕೊಟ್ಟಿದ್ದೆ. ಭಯ ಬಂದು ಆ ಪಾಠದ ಮೇಲೆ ಕೂತುಬಿಟ್ಟಿತ್ತು. ಪುಣ್ಯಕ್ಕೆ ಆ ಮಾಲೆಲ್ಲ ಇನ್ನೂ ಗೋದಾಮಿನಲ್ಲೇ ಇತ್ತು, ಒಂದೂ ಹೊರಗೆ ಹೋಗಿರಲಿಲ್ಲ. ನಾನು ಬಾಯಿ ತೆರೆದು ನಾಲ್ಕು ಮಾತು ಅನ್ನಬೇಕು ಎನ್ನುವಷ್ಟರಲ್ಲಿ ಅವಳು ನನ್ನ ತೋಳು ಹಿಡಿದಳು.

“ಅತ್ತೆ, ಇವರ ಬೆಲ್ಟು.”

“ಯಾರ ಬೆಲ್ಟು?”

“ನಿಮ್ಮ ಮಗನದು. ಅದಕ್ಕೂ ಹೊಡೆದಿದ್ದೀನಿ. ಬೆನ್ನಿನ ಕೊಂಡಿ ಹತ್ರ. ಅವರಿಗೆ ಹೇಳಿಲ್ಲ.”

ಜಗ್ಗಣ್ಣ ಮೆಲ್ಲಗೆ, “ಸುಮ್ನೆ ಕೂತು ಕೆಲಸ ಮಾಡೋಕೆ ತಡೀಬಹುದು ಅಕ್ಕ. ಜಾರಿ ಒಮ್ಮೆಲೇ ಜಗ್ಗಿದ್ರೆ ಹೇಳೋಕಾಗಲ್ಲ,” ಎಂದ. ಮಗ ಆ ಹೊತ್ತಿಗೆ ಯಾವ ಕಟ್ಟಡದ ಮೇಲಿದ್ದಾನೆಂದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು, ಅವನ ಫೋನು ಕೆಳಗೆ ಚೀಲದಲ್ಲಿರುವುದೂ.

ಮಾಲೀಕರ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ, ಇವಳೀಗ ಕುಸಿಯುತ್ತಾಳೆ, ಇವಳನ್ನೂ ಹಿಡಿದುಕೊಂಡು ಅವನನ್ನೂ ಇಳಿಸುವುದು ಹೇಗಪ್ಪ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಟ್ಟಡದ ಬುಡದಲ್ಲಿ ಇಳಿದು ಕತ್ತೆತ್ತಿದರೆ ಗಾಜಿನ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕೆ ತೂಗುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಅದು. ನಾನು ಗಂಟಲು ಹರಿಯುವಂತೆ ಕೂಗಲು ಬಾಯಿ ತೆರೆದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ನನ್ನ ಬಾಯಿಗೆ ಕೈ ಅಡ್ಡ ಇಟ್ಟವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲ.

“ಕೂಗಬೇಡಿ ಅತ್ತೆ, ಬೆಚ್ಚಿಬೀಳ್ತಾರೆ.”

ಅಲ್ಲಿದ್ದ ಮೇಸ್ತ್ರಿಯ ಹತ್ತಿರ ಹೋದಳು. “ಬೆಲ್ಟು ಬದಲಾಯಿಸಬೇಕು ಅಂತ ಕಾರ್ಖಾನೆಯಿಂದ ಬಂದಿದ್ದೀವಿ. ಅವಸರ ಬೇಡ, ನಿಧಾನವಾಗಿ ಇಳೀರಿ ಅಂತ ಹೇಳಿ,” ಎಂದಳು. ಮಳಿಗೆಯಲ್ಲಿ ಬಟ್ಟೆ ಬದಲಾಯಿಸಿ ಕೊಡಿ ಎನ್ನುವಷ್ಟು ಸಹಜವಾದ ದನಿ. ಮೇಸ್ತ್ರಿ ವಾಕಿಟಾಕಿಯಲ್ಲಿ ಹಾಗೆಯೇ ಹೇಳಿದ. ಚುಕ್ಕೆ ಇಳಿಯತೊಡಗಿತು. ಅವಳು ಕಣ್ಣು ಕದಲಿಸದೆ ನೋಡುತ್ತಾ ನಿಂತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತು ದೊಡ್ಡ ದನಿಯಲ್ಲಿ ಪ್ರಾರ್ಥಿಸುವ ನನಗೆ ಅಂದು ‘ಕರ್ತನೇ’ ಎಂಬುದರ ಮುಂದಿನ ಮಾತು ಸಿಗಲಿಲ್ಲ.

ಮಗ ನೆಲ ಮುಟ್ಟಿದ. ನಮ್ಮನ್ನು ನೋಡಿ, “ಏನಮ್ಮ, ಇಬ್ಬರೂ ಬಂದುಬಿಟ್ಟಿದ್ದೀರಿ, ಊಟ ತಂದ್ರಾ?” ಎಂದ. ಅವಳು ಬೆಲ್ಟಿನ ಬಕಲು ಬಿಚ್ಚಿ, ಬೆಲ್ಟನ್ನು ಅವನ ಮೈಯಿಂದ ಕಳಚಿ ನನ್ನ ಕೈಗೆ ಕೊಟ್ಟು, ಆಮೇಲೆ ಎಲ್ಲರ ಎದುರಿಗೇ ಹೇಳಿದಳು. ಮುಚ್ಚುಮರೆ ಮಾಡಲಿಲ್ಲ, ಅಳುತ್ತಲೂ ಹೇಳಲಿಲ್ಲ. “ನಿಮ್ಮನ್ನ ಕಾಪಾಡ್ಬೇಕು ಅಂತ ಹೋಗಿ ನಾನೇ ನಿಮ್ಮ ಜೀವಕ್ಕೆ ಕುತ್ತು ತಂದಿದ್ದೆ.” ಮಗ ಪಕ್ಕದ ಬಕೆಟ್ಟು ಬೋರಲು ಹಾಕಿ ಕೂತ. ನನ್ನ ಕೈಯಲ್ಲಿದ್ದ ಬೆಲ್ಟು ನೋಡುತ್ತಾ, “ಇಷ್ಟು ಭಯ ಇದೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?” ಎಂದ. ಆಗ ಅವಳಿಗೆ ಅಳು ಬಂತು.

ಅವಳನ್ನು ಯಂತ್ರದಿಂದ ಎಬ್ಬಿಸಿದ್ದು ನಾನೇ. ಸೊಸೆ ಎಂದು ರಿಯಾಯಿತಿ ಕೊಟ್ಟರೆ ನಾಳೆ ಯಾವ ಮುಖ ಇಟ್ಟುಕೊಂಡು ಬೇರೆಯವರನ್ನು ಬೈಯಲಿ? ದಾರದ ತುದಿ ಕತ್ತರಿಸುವ ಮೇಜಿಗೆ ಹಾಕಿದೆ. ಮಾಲೀಕರು ಒಳ್ಳೆಯವರು, ಒಂದೇ ಮಾತು ಹೇಳಿದರು: ಯಾವಾಗ ಸಿದ್ಧವೋ ಆಗ ಒಂದು ಜೊತೆ ಬೆಲ್ಟು ಹೊಲಿಯಲಿ, ಜಗ್ಗಣ್ಣ ಒಂದನ್ನು ಎಳೆಯಲಿ, ಗೆರೆ ದಾಟಿದರೆ ಯಂತ್ರ ಅವಳದೇ, ದಾಟದಿದ್ದರೆ ಇನ್ನು ಹೊಲಿಗೆ ಬೇಡ. ಅವಳು ಕೈಗೆ ಕತ್ತರಿ ತೆಗೆದುಕೊಂಡಳು. ಕೋಣೆಯಲ್ಲೇ ಒಳ್ಳೆಯ ಹೊಲಿಗೆ ಅವಳದು, ಎಳೆಯ ಹುಡುಗಿಯರ ಜೊತೆ ಕೂತು ದಾರ ಕತ್ತರಿಸುತ್ತಿದ್ದಳು.

ಆ ವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತಳು. ನಮ್ಮಲ್ಲಿ ಸಾಕ್ಷಿ ಹೇಳುವ ಹೊತ್ತು ಎಂದಿರುತ್ತದೆ. ಕಾಯಿಲೆ ವಾಸಿಯಾದವರು, ಕೆಲಸ ಸಿಕ್ಕವರು ನಿಂತು ಸ್ತೋತ್ರ ಹೇಳುತ್ತಾರೆ. ಗೆದ್ದವರೇ ಏಳುವುದು, ಸೋತವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವುದು ರೂಢಿ. ಇವಳು ಎದ್ದಾಗ ನಾನು ಸೆರಗು ಹಿಡಿದು ಜಗ್ಗಿದೆ. ಬಿಡಿಸಿಕೊಂಡಳು.

“ನನ್ನದು ಇನ್ನೂ ಸಾಕ್ಷಿ ಆಗಿಲ್ಲ. ನನಗೆ ಭಯ ಇದೆ. ಪ್ರಾರ್ಥನೆ ಮಾಡ್ತೀನಿ, ಆದ್ರೂ ಇದೆ. ಉಸಿರು ಕಟ್ಟುತ್ತೆ. ನನಗೋಸ್ಕರ ಪ್ರಾರ್ಥನೆ ಮಾಡಿ.”

ನನಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತ್ತು. ವಯಸ್ಸಾದ ನಮ್ಮ ಪಾಸ್ಟರ್ ಕನ್ನಡಕ ತೆಗೆದು ಒರೆಸಿದರು. “ಕೂತ್ಕೋಮ್ಮ. ಭಯ ಇದ್ದೋರು ದೇವರ ಹತ್ರ ಬರಬಾರದು ಅಂತಿದ್ರೆ ನಾನೂ ಇಷ್ಟೊತ್ತಿಗೆ ಮನೇಲಿರಬೇಕಿತ್ತು,” ಎಂದರು. ಜನ ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು, ಆಮೇಲೆ ಇನ್ನೊಬ್ಬಳು. ನೋಡುನೋಡುತ್ತಿದ್ದಂತೆ ಅವಳ ಸುತ್ತ ಹೆಂಗಸರು. ಕೆಲವರು ‘ನನಗೂ ಇದೆ’ ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಅಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಹಿಂದಿನ ಬೆಂಚಿನವರ ದುಃಖ ತಿಳಿದದ್ದು ಅಂದು, ನನ್ನ ಸೊಸೆಯಿಂದ. ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಗಿ ಅವಳ ಪಕ್ಕ ನಿಂತೆ.

ಪಾಸ್ಟರ್ ಹೆಂಡತಿ ಅವಳನ್ನು ತಮಗೆ ಗೊತ್ತಿದ್ದ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ಉಸಿರು ಕಟ್ಟಿದಾಗ ಹೇಗೆ ಕೂರಬೇಕು, ಹೇಗೆ ಉಸಿರು ಬಿಡಬೇಕು ಎಂದು ಆ ಡಾಕ್ಟರಮ್ಮ ಹೇಳಿಕೊಟ್ಟರು. ಅದನ್ನೂ ಅವಳು ಪಾಠದ ಹಾಗೆ ಮಾಡಿದಳು. ರಾತ್ರಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಂಡಿಯೂರತೊಡಗಿದರು. ಮಗನ ಪ್ರಾರ್ಥನೆ ಚಿಕ್ಕದು, ಬೇಗ ಮುಗಿಯುತ್ತದೆ. ಆದರೂ ಅವನು ಬಾಯಿಬಿಟ್ಟು ಪ್ರಾರ್ಥಿಸಿದ್ದನ್ನು ನಾನು ಕೇಳಿದ್ದು ಆಗಲೇ.

ಊಟದ ಬಿಡುವಿನಲ್ಲಿ ಅವಳು ಎಳೆಯುವ ಕೋಣೆಗೆ ಹೋಗಿ ನಿಲ್ಲಲು ಶುರು ಮಾಡಿದಳು. ಬೆಲ್ಟು ಹರಿಯುವಾಗ ಬರುವ ಸದ್ದಿಗೆ ಹೊಸಬರು ಕಿವಿ ಮುಚ್ಚಿಕೊಳ್ಳುತ್ತಾರೆ. ಇವಳು ಮುಚ್ಚಿಕೊಳ್ಳಲಿಲ್ಲ. ಒಂದು ದಿನ ನಾನೂ ಅಲ್ಲಿದ್ದೆ.

“ಅಣ್ಣ,” ಎಂದು ಜಗ್ಗಣ್ಣನನ್ನು ಕೇಳಿದಳು, “ಹರಿದ ಬೆಲ್ಟು ಎಷ್ಟು ಗಟ್ಟಿ ಇತ್ತು ಅಂತ ಗೊತ್ತಾಯ್ತು. ಆದ್ರೆ ಅದನ್ನ ಇನ್ನು ಯಾರೂ ಹಾಕ್ಕೊಳ್ಳಲ್ಲ. ಹಾಕ್ಕೊಳ್ಳೋ ಬೆಲ್ಟು ಎಷ್ಟು ಗಟ್ಟಿ ಅಂತ ಹೇಗೆ ಗೊತ್ತಾಗುತ್ತೆ?”

“ಅದನ್ನ ಎಳೆದು ನೋಡೋ ಹಾಗಿಲ್ಲಮ್ಮ. ಎಳೆದ್ರೆ ಅದು ಬೆಲ್ಟಾಗಿ ಉಳಿಯಲ್ಲ.”

“ಮತ್ತೆ ಹೇಗೆ ಕೊಡ್ತೀರಿ?”

“ಹೊಲಿದ ಕೈ ನೋಡಿ ಕೊಡ್ತೀನಿ,” ಎಂದು ಜಗ್ಗಣ್ಣ ತನ್ನ ಊಟದ ಡಬ್ಬಿ ಬಿಚ್ಚಿದ.

ಅಂದು ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. “ಅತ್ತೆ, ನಾನು ದೇವರನ್ನ ಎಳೆದೆಳೆದು ನೋಡ್ತಿದ್ದೆ. ಇವರು ಫೋನ್ ಎತ್ತಿದ್ರೆ ದೇವರಿದ್ದಾನೆ, ಎತ್ತದಿದ್ರೆ ಇಲ್ಲ. ಅದು ನಂಬಿಕೆ ಹೇಗಾಗುತ್ತೆ? ಇವರನ್ನ ತಾಯಿ ಹೊಟ್ಟೆಯಲ್ಲಿ ಹೆಣೆದ ಕೈ ಯಾವುದು ಅಂತ ನಾನು ನೋಡಲೇ ಇಲ್ಲ.”

“ಭಯ ಹೋಯ್ತಾ ಹಾಗಾದ್ರೆ?” ಎಂದೆ.

“ಇಲ್ಲ. ಇದೆ. ಅದು ಇರೋವಾಗ್ಲೇ ಕೈ ನಿಲ್ಲಿಸೋದು ಕಲೀಬೇಕು.” ಮತ್ತೆ ಚಾಕು ಎತ್ತಿಕೊಂಡಳು. ನಾನು ಈರುಳ್ಳಿಯ ನೆಪ ಹೇಳಿ ಕಣ್ಣೊರೆಸಿಕೊಂಡೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು.

ಕೊನೆಗೆ ಅವಳೇ ಬಂದು, “ಹೊಲೀತೀನಿ ಅತ್ತೆ,” ಎಂದಳು. ಮಗನಿಗೆ ಹೊಸ ಬೆಲ್ಟು ಬೇಕಾಗಿತ್ತು. ಅಷ್ಟು ದಿನ ಅವನು ಮೇಸ್ತ್ರಿ ಕೊಟ್ಟ ಯಾವುದೋ ಬೆಲ್ಟಿನಲ್ಲಿ ಕೆಲಸ ಮಾಡುತ್ತಿದ್ದ. ಜೊತೆಯಲ್ಲಿ ಒಂದು ಎಳೆತಕ್ಕೆ, ಇನ್ನೊಂದು ಅವನಿಗೆ ಎಂದು ಅವಳೇ ಹೇಳಿದಳು. ಬೇರೆ ಯಾರಿಗಾದರೂ ಕೊಡೋಣ, ಮೊದಲ ಸಲವೇ ಅವನದೇಕೆ ಎಂದು ನಾನು ರಾಗ ಎಳೆದೆ. “ಬೇರೆಯವರ ಮೇಲೆ ಪ್ರಯೋಗ ಮಾಡ್ಲಾ?” ಎಂದು ತಿರುಗಿ ಕೇಳಿದಳು. ಹೋಗಿ ಪಟ್ಟಿ, ಕೊಂಡಿ ತಂದು ಅವಳ ಯಂತ್ರದ ಪಕ್ಕ ಇಟ್ಟೆ.

ಕೋಣೆಯ ಉಳಿದ ಯಂತ್ರಗಳು ಒಂದೊಂದಾಗಿ ನಿಂತವು. ನಾನು ನಿಲ್ಲಿಸಿ ಎಂದು ಹೇಳಿರಲಿಲ್ಲ. ಅವಳು ಪಟ್ಟಿ ಮಡಚಿ ಯಂತ್ರದ ಸೂಜಿಯಡಿ ಇಟ್ಟಳು. ಚೌಕ ಮುಗಿಯಿತು, ಇಂಟು ಗುರುತು ಮುಗಿಯಿತು. ದಾರ ಕತ್ತರಿಸುವ ಹೊತ್ತು. ಅವಳ ಕಾಲು ಪೆಡಲಿನ ಮೇಲೇ ಇತ್ತು. ಇನ್ನೊಂದು ಸಾಲು, ಒಂದೇ ಒಂದು ಸಾಲು ಎಂದು ಅವಳೊಳಗೆ ಏನು ಕೂಗುತ್ತಿತ್ತೋ ಅದು ನನಗೂ ಕೇಳಿಸುವಂತಿತ್ತು. ಅವಳು ಉಸಿರು ಬಿಟ್ಟಳು, ನಿಧಾನವಾಗಿ, ಕಲಿತ ಹಾಗೆ. ಮತ್ತೆ ಮೆಲ್ಲಗೆ ಆದರೆ ಸ್ಪಷ್ಟವಾಗಿ ಹೇಳಿದಳು:

“ಕರ್ತನೇ, ನನ್ನ ಕೆಲಸ ಇಲ್ಲಿಗೆ ಮುಗೀತು. ಇನ್ನು ನಿಂದು.”

ಕಾಲನ್ನು ಪೆಡಲಿನಿಂದ ಎತ್ತಿ ನೆಲದ ಮೇಲಿಟ್ಟಳು. ದಾರ ಕತ್ತರಿಸಿದಳು. ಎರಡನೆಯದಕ್ಕೂ ಹಾಗೇ ಮಾಡಿದಳು.

ಜಗ್ಗಣ್ಣ ಎರಡನ್ನೂ ಮೇಜಿನ ಮೇಲೆ ಬೋರಲು ಹಾಕಿ, ಅದಲುಬದಲು ಮಾಡಿ, ಒಂದನ್ನು ಎತ್ತಿಕೊಂಡ. ಯಂತ್ರಕ್ಕೆ ಕಚ್ಚಿಸಿದ. ಮುಳ್ಳು ಏರಿತು. ಕೆಂಪು ಗೆರೆ ಹತ್ತಿರ ಬಂದಾಗ ನಾನು ಯಾರದೋ ಕೈ ಹಿಡಿದಿದ್ದೆ, ಆಮೇಲೆ ನೋಡಿದರೆ ಅದು ಮಾಲೀಕರ ಕೈ. ಮುಳ್ಳು ಗೆರೆ ದಾಟಿತು. ದಾಟಿ ಇನ್ನೂ ಹೋಯಿತು. ಕೊನೆಗೆ ಪಟ್ಟಿ ಹರಿದದ್ದು ಹೊಲಿಗೆಯಲ್ಲಿ ಅಲ್ಲ, ಹೊಲಿಗೆಯಿಂದ ದೂರ, ನಡುವಿನಲ್ಲಿ. ಅವಳ ಚೌಕ ಹಾಗೇ ಕೂತಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಜಗ್ಗಣ್ಣ ಇನ್ನೊಂದು ಬೆಲ್ಟನ್ನು ಅವಳ ಕೈಗಿತ್ತ. ಅವಳು ಅದನ್ನು ತಿರುಗಿಸಿ ನೋಡಲಿಲ್ಲ. ಮಡಚಿ ಚೀಲಕ್ಕೆ ಹಾಕಿದಳು.

ಮರುದಿನ ಮಗನಿಗೆ ನಮ್ಮ ಕಾರ್ಖಾನೆಯ ಎದುರು ಬೀದಿಯ ಕಟ್ಟಡದಲ್ಲೇ ಕೆಲಸ ಬಿತ್ತು. ಸುತ್ತಮುತ್ತಲಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ಅವನು ಮೇಲಿನಿಂದ ಕಾಲು ಇಳಿಬಿಟ್ಟನೆಂದು ಯಾರೋ ಹೇಳಿದ್ದೇ ತಡ, ಹೆಂಗಸರೆಲ್ಲ ಕಿಟಕಿಗೆ ಮುತ್ತಿಕೊಂಡರು. ಅವರನ್ನು ಚದುರಿಸಲು ಹೋದ ನಾನೂ ಅಲ್ಲೇ ನಿಂತುಬಿಟ್ಟೆ. ಹಗ್ಗದ ತುದಿಯಲ್ಲಿ ನನ್ನ ಮಗ, ಬೆನ್ನ ಮೇಲೆ ಆ ಬೆಲ್ಟು. ಗಾಳಿಗೆ ಅವನು ಒಂದಿಷ್ಟು ತೂಗಿದಾಗ ಕಿಟಕಿಯ ಸರಳು ಹಿಡಿದುಕೊಂಡೆ. ನೋಡಲೂ ಆಗದೆ ಬಿಡಲೂ ಆಗದೆ ಹಿಂದೆ ತಿರುಗಿದೆ. ಅವಳು ಮಾತ್ರ ಎದ್ದಿರಲಿಲ್ಲ. ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತು, ಹೊಸ ಪಟ್ಟಿ ಮಡಚಿ ಕೊಂಡಿಗೆ ಪೋಣಿಸುತ್ತಿದ್ದಳು.

“ನೋಡಲ್ವಾ?” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವಳು ತಲೆ ಎತ್ತಿದಳು. ಮುಖ ಸ್ವಲ್ಪ ಬಿಳಿಚಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಕಣ್ಣು ಮಾತ್ರ ನೆಟ್ಟಗಿತ್ತು.

“ಅತ್ತೆ, ಅಲ್ಲಿ ನಿಂತು ಬೆಳಕಿಗೆ ಅಡ್ಡ ಆಗಬೇಡಿ. ಇದು ಯಾವ ತಾಯಿಯ ಮಗನಿಗೆ ಹೋಗುತ್ತೋ. ಚೆನ್ನಾಗಿ ಹೊಲೀಬೇಕು.”

ಕಿಟಕಿಯ ಹತ್ತಿರವಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಯಂತ್ರಗಳಿಗೆ ಹೋಗಿ ಕೂತರು. ಇಷ್ಟು ವರ್ಷ ನಾನು ಕಿರುಚಿ ಕಿರುಚಿ ಹೇಳಿದರೂ ಅಷ್ಟು ಬೇಗ ಯಾರೂ ಕೂತವರಲ್ಲ. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾದಂತಿತ್ತು. ಮೇಲ್ವಿಚಾರಕಿಯಾದ ನಾನು ಪಕ್ಕಕ್ಕೆ ಸರಿದು ಅವಳಿಗೆ ಬೆಳಕು ಬಿಟ್ಟೆ.